ಗಂಗಕ್ಕನಿಗೊಂದು ಮಿಸ್ ಕಾಲ್

ಯುಗಾದಿ ಕಳೆದು ಮೋಡ ಕಟ್ಟಿತೆಂದರೆ ಸಾಕು, ಗಂಗಕ್ಕ ಸ್ಕೂಟರನ್ನು ರಸ್ತೆ ಬದಿಗೆ ನಿಲ್ಲಿಸಿ, ಹೆಲ್ಮೆಟ್ ತೆಗೆದು, ಮೂಗು ಮೇಲೆತ್ತಿ ಗಾಳಿಯ ವಾಸನೆ ನೋಡುತ್ತಿದ್ದರು. "ಮಣ್ಣಿನ್ ವಾಸ್ನೆ ಬತ್ತೈತೆ ಕಣೇ. ಇಳಿ, ಇಲ್ಲೇ ನಿಂತ್ಕಳಣ." ತಿಪಟೂರಿಗೆ ಲೈನಿಂಗ್ ಬಟ್ಟೆ ತರಲು ಅವರ ಹಿಂದೆ ಕೂತು ಹೊರಟ ನನಗೆ ನಾಚಿಕೆಯೋ ನಾಚಿಕೆ. ಹೋಗಿ ಬರುವವರೆಲ್ಲ ನಮ್ಮನ್ನೇ ನೋಡುತ್ತಿದ್ದರು.

ತುರುವೇಕೆರೆಯಲ್ಲಿ ಅವರದು ಬ್ಲೌಸ್ ಹೊಲಿಯುವ ಅಂಗಡಿ. ನಾನು ಅಲ್ಲಿ ಹುಕ್ಸು ಹಾಕುವವಳು. ಅವರ ಮನೆ ಮಾಯಸಂದ್ರದಲ್ಲಿ, ನನ್ನದು ಅಮ್ಮಸಂದ್ರದಲ್ಲಿ. ಅವ್ವ ತೀರಿಕೊಂಡು ಮನೆಯಲ್ಲಿ ನಾನೊಬ್ಬಳೇ ಆದಾಗ, "ಬಸ್ಸಿಗ್ ಕಾಯ್ಕಂಡ್ ಯಾಕ್ ನಿಂತ್ಕತೀಯ ಬುಡು" ಎಂದು ನನಗೆ ಸ್ಕೂಟರ್ ಕಲಿಸಿದವರು ಅವರೇ.

ಕಲಿಸಿದ್ದೆಂದರೆ ಬೈದದ್ದು! ನಮ್ಮ ರಸ್ತೆಯುದ್ದಕ್ಕೂ ಹೊಂಗೆ ಮರ. ಬೇಸಿಗೆಯಲ್ಲಿ ಹೂವು ಉದುರಿ ಟಾರೇ ಕಾಣಿಸುವುದಿಲ್ಲ. "ಒಣಗಿದ್ರೆ ಹೂವು, ಮೊದ್ಲ ಹನಿ ಬಿದ್ರೆ ಸೋಪು. ಬ್ರೇಕ್ ಅದುಮ್‌ಬ್ಯಾಡ, ಎಕ್ಸಲೇಟರ್ ಬುಡು, ತಾನೇ ನಿಧಾನ ಆಯ್ತದೆ." ಗಾಳಿ ಎದ್ದರೆ ತೆಂಗಿನ ಮರದ ಕೆಳಗೆ ನಿಲ್ಲುವಂತಿಲ್ಲ, ಗರಿ ಬೀಳುತ್ತದೆ. ನಮ್ಮ ಸೀಮೆಯಲ್ಲಿ ತೆಂಗಿಲ್ಲದ ಜಾಗ ಎಲ್ಲಿದೆ ಅಕ್ಕ ಎಂದರೆ, "ಬಸ್ ಸ್ಟಾಂಡ್ ಸುಮ್ನೆ ಕಟ್ಸವ್ರಾ?" ಎನ್ನುತ್ತಿದ್ದರು. ಮೊದಲ ಮಳೆ ಧೂಳು, ಎಣ್ಣೆಯನ್ನೆಲ್ಲ ತೊಳೆದುಕೊಂಡು ಹೋಗುವವರೆಗೂ ಅಲ್ಲೇ ಕಾಯಬೇಕು. ಅಷ್ಟು ಹೊತ್ತಿಗೆಂದೇ ಅವರ ಬ್ಯಾಗಿನಲ್ಲಿ ಕೊಬ್ಬರಿ ಬೆಲ್ಲ ಇರುತ್ತಿತ್ತು.

ಇನ್ನೊಂದು ಕಟ್ಟಪ್ಪಣೆ: ಮನೆ ಸೇರಿದ ತಕ್ಷಣ ಮಿಸ್ ಕಾಲ್ ಕೊಡಬೇಕು. "ಒಂದೇ ರಿಂಗು. ಎತ್ತಲ್ಲ ನಾನು. ಸೇರ್ಕಂಡ್ಳು ಅಂದ್ಕಂಡು ಸ್ಟೌವ್ ಹಚ್ತೀನಿ."

ಒಂದು ಸಂಜೆ ಫೋನಿನ ಚಾರ್ಜ್ ಮುಗಿದಿತ್ತು, ನಾನೂ ಮರೆತು ಚಾಪೆ ಮೇಲೆ ಅಡ್ಡಾದೆ. ಹೊರಗೆ ವರ್ಷದ ಮೊದಲ ಮಳೆ. ಬಾಗಿಲು ದಬದಬ ಬಡಿದ ಸದ್ದಿಗೆ ಎದ್ದು ತೆಗೆದರೆ, ತಲೆಯಿಂದ ನೀರಿಳಿಸುತ್ತ ಗಂಗಕ್ಕ!

"ಬದ್ಕಿದೀಯೇನೇ? ಕೈಗೇನ್ ಬಂದಿತ್ತು ನಿಂಗೆ?"

"ಮೊದ್ಲ ಮಳೇಲಿ ನೀವೇ ಬಂದ್ಬುಟ್ರಲ್ಲಕ್ಕ," ಎಂದೆ.

"ನಿಲ್ಲಕ್ ಮನ್ಸು ಬರ್ಬೇಕಲ್ಲ," ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡರು. ಅವ್ವ ಹೋದ ಮೇಲೆ ನನಗಾಗಿ ಗಾಬರಿಪಟ್ಟ ಜೀವ ಅದೊಂದೇ.

ಕಳೆದ ಚಳಿಗಾಲದಲ್ಲಿ ಒಂದು ಬೆಳಗ್ಗೆ ಗಂಗಕ್ಕ ಎದೆನೋವು ಅಂದರಂತೆ, ಅಷ್ಟೇ. ತಿಥಿ ಮುಗಿದ ಮೇಲೊಂದು ದಿನ ಮನೆ ಸೇರಿದವಳು ಮೈಮರೆತು ಅವರ ನಂಬರಿಗೆ ಒಂದು ರಿಂಗ್ ಕೊಟ್ಟುಬಿಟ್ಟೆ. ಅವರ ಯಜಮಾನರು ತಿರುಗಿ ಮಾಡಿದರು. "ಅವ್ಳಿಲ್ಲ ಕಣವ್ವ," ಎಂದರು, ನನಗೆ ಗೊತ್ತೇ ಇಲ್ಲವೆಂಬಂತೆ. ಆಮೇಲೆ ನಾನು ಆ ನಂಬರು ಒತ್ತಿಲ್ಲ.

ಮೊನ್ನೆ ಈ ವರ್ಷದ ಮೊದಲ ಮಳೆ ಬಂತು. ಬಸ್ ಸ್ಟಾಂಡಿನಲ್ಲಿ ನಿಂತು, ಬ್ಯಾಗಿನಿಂದ ಕೊಬ್ಬರಿ ಬೆಲ್ಲ ತೆಗೆದು ಒಬ್ಬಳೇ ಅಗಿದೆ. ರಸ್ತೆ ತೊಳೆದು ಹೋಗುವವರೆಗೂ ಕಾದೆ. ತಿರುವಿನಲ್ಲಿ ಹೊಂಗೆ ಹೂವು ಒದ್ದೆಯಾಗಿ ಬಿದ್ದಿತ್ತು. ಬ್ರೇಕ್ ಮುಟ್ಟದೆ ಎಕ್ಸಲೇಟರ್ ಬಿಟ್ಟೆ. ಮನೆಯ ಬೀಗ ತೆಗೆದು ಲೈಟ್ ಹಾಕಿದೆ. ಕೈ ತಾನಾಗಿ ಫೋನ್ ತೆಗೆದಿತ್ತು.

ಜೋಪಾನವಾಗಿ ಮನೆ ಸೇರಿದ್ದೆ. ಯಾರಿಗೂ ಹೇಳಬೇಕಾಗಿರಲಿಲ್ಲ.