ರಂಗೋಲಿ ಬೀಳದ ಬಾಗಿಲು

ಮೊಲೆಗೆ ಕ್ಯಾನ್ಸರ್ ಆಗಿದೆ ಎಂದಾಗ ನನಗೆ ಹೆದರಿಕೆಯಾಗಿತ್ತು, ನಾಚಿಕೆಯಾಗಿರಲಿಲ್ಲ. ನಾಚಿಕೆ ಆಮೇಲೆ ಬಂತು, ಬೆರಳುಗಳಿಂದ. ಆಪರೇಷನ್ ಮುಗಿದು, ಉದುರಿದ ಕೂದಲು ಮತ್ತೆ ಬಂದು, ಅಜ್ಜಂಪುರದ ಹತ್ತಿರದ ನಮ್ಮ ಊರಿನವರೆಲ್ಲ "ಗೆದ್ದು ಬಂದೆ ಬಿಡವ್ವ" ಎಂದ ಮೇಲೆ ಡಾಕ್ಟರು ದಿನಕ್ಕೊಂದು ಹಾರ್ಮೋನ್ ಮಾತ್ರೆ ಬರೆದುಕೊಟ್ಟರು. ರೋಗ ಮರಳಿ ಬರದಿರಲೆಂದು ವರ್ಷಗಟ್ಟಲೆ ನುಂಗಬೇಕು. ತೊಗರಿ ಬೇಳೆಯಷ್ಟಿರುವ ಆ ಮಾತ್ರೆ ನನ್ನ ಕೈಯ ಗೆಣ್ಣುಗಳನ್ನೆಲ್ಲ ಹಿಡಿದುಬಿಟ್ಟಿತು. ಬೆಳಿಗ್ಗೆ ಏಳುವಾಗ ಬೆರಳುಗಳು ಮರಗಟ್ಟಿರುತ್ತಿದ್ದವು. ಬಿಸಿನೀರಿನಲ್ಲಿ ಅದ್ದಿ ಕೂತರೆ ಒಂದೊಂದಾಗಿ ಸಡಿಲವಾಗುತ್ತಿದ್ದವು.

ಇದನ್ನು ಯಾರಿಗೆ ಹೇಳಲಿ? ಜೀವವೇ ಉಳಿದಿರುವಾಗ ಬೆರಳು ನೋವೆಂದು ಅಳುವುದೇ? ಆಸ್ಪತ್ರೆಯಲ್ಲಿ ನನ್ನ ಪಕ್ಕದ ಹಾಸಿಗೆಯಲ್ಲಿದ್ದ ಬೀರೂರಿನ ಹೆಂಗಸು ಉಳಿಯಲಿಲ್ಲ. ಅವಳ ನೆನಪಾದರೆ ನನ್ನ ನೋವು ನನಗೇ ಕೊಬ್ಬಿನ ಮಾತಾಗಿ ಕೇಳಿಸುತ್ತಿತ್ತು. ಗಂಡನಿಗೂ "ಸ್ವಲ್ಪ ಜೋಮು" ಎಂದಷ್ಟೇ ಹೇಳಿದ್ದೆ.

ಎಲ್ಲಕ್ಕಿಂತ ಕಷ್ಟವಾದದ್ದು ರಂಗೋಲಿ. ನಾನು ಬಿಡುವ ಎಳೆಗೆ ಕೇರಿಯಲ್ಲೆಲ್ಲ ಹೆಸರಿತ್ತು. ಅದರ ಜಂಬ ನನಗೂ ಇತ್ತು, ಸುಳ್ಳೇಕೆ ಹೇಳಲಿ. ಈಗ ಚಿಟಿಕೆ ಪುಡಿ ಹಿಡಿಯಲು ಹೆಬ್ಬೆರಳು ತೋರುಬೆರಳಿಗೆ ತಾಗುತ್ತಲೇ ಇರಲಿಲ್ಲ. ಕಡೂರು ಸಂತೆಯಿಂದ ತೂತಿನ ಅಚ್ಚು ತರಿಸಿದೆ. ಎದುರುಮನೆಯ ಓರಗಿತ್ತಿ, ನನ್ನ ಮೈದುನನ ಹೆಂಡತಿ, ಅದನ್ನು ನೋಡಿ, "ಏನಕ್ಕಾ, ನೀನೂ ಸೋಮಾರಿ ಆಗ್ಬಿಟ್ಟೆ!" ಎಂದು ನಕ್ಕಳು. ನಾನೂ ನಕ್ಕೆ. ರೋಗಿ ಎನ್ನಿಸಿಕೊಳ್ಳುವುದಕ್ಕಿಂತ ಸೋಮಾರಿ ಎನ್ನಿಸಿಕೊಳ್ಳುವುದೇ ವಾಸಿ ಅನ್ನಿಸಿತು.

ಶ್ರಾವಣದ ಒಂದು ಬೆಳಿಗ್ಗೆ ಬೆರಳುಗಳು ಅಚ್ಚು ಹಿಡಿಯುವುದಕ್ಕೂ ಒಪ್ಪಲಿಲ್ಲ. ಕರೆಂಟು ಬಂತೆಂದು ಗಂಡ ಮೋಟಾರು ಹಾಕಲು ಹಿತ್ತಿಲ ಬಾಗಿಲಿಂದಲೇ ತೆಂಗಿನ ತೋಟಕ್ಕೆ ಹೋಗಿದ್ದರು. ನಾನು ಬಚ್ಚಲಲ್ಲಿ ಬಕೆಟ್ಟಿಗೆ ಕೈ ಇಳಿಬಿಟ್ಟು ಕೂತೆ. ಬಿಸಿಲು ಏರುತ್ತಿತ್ತು. ನಮ್ಮ ಕಡೆ ಹೊತ್ತೇರಿದರೂ ಬಾಗಿಲಿಗೆ ನೀರು, ರಂಗೋಲಿ ಬೀಳಲಿಲ್ಲವೆಂದರೆ ಮನೆಯಲ್ಲಿ ಸಾವಾಗಿದೆ ಎಂದೇ ಲೆಕ್ಕ.

"ಅಕ್ಕಾ, ಬಾಗ್ಲು ತೆಗಿ!" ಓರಗಿತ್ತಿ ಮುಂಬಾಗಿಲು ಬಡಿದಳು. ಆ ಬಾಗಿಲಿನ ಬಿಗಿಯಾದ ಚಿಲಕ ನನ್ನ ಕೈಗೆ ಬಗ್ಗುವಂತಿರಲಿಲ್ಲ. ಬೆರಳು ಸಡಿಲವಾಗಲಿ, ಏನೂ ಆಗದವಳ ಹಾಗೆ ಹೋಗಿ ತೆಗೆದರಾಯಿತು ಎಂದು ಸುಮ್ಮನೆ ಕೂತೆ. ಎಂಥ ಬುದ್ಧಿಗೇಡಿ! ಹೊರಗೆ ಜನ ಸೇರಿದರು. "ಬಾಗ್ಲಿಗೆ ನೀರೂ ಹಾಕಿಲ್ಲ ಕಣ್ರೀ" ಎಂದು ಯಾರೋ ಅಂದರು. ಓರಗಿತ್ತಿ ಗೊಳೋ ಎಂದಳು. ಅಷ್ಟಾದ ಮೇಲೆ ಒಳಗಿಂದ ಓಗೊಡಲು ಇನ್ನಷ್ಟು ನಾಚಿಕೆ.

ಕೊನೆಗೆ ಹಿತ್ತಿಲಿಂದ ನುಗ್ಗಿ ಬಂದವರಿಗೆ ಕಂಡದ್ದು ಬಕೆಟ್ಟಿನಲ್ಲಿ ಕೈಯಿಟ್ಟು ಕೂತ ನಾನು.

"ಬದುಕಿದೀಯೇನಕ್ಕಾ! ಲಿಂಗದಳ್ಳಿಗೆ ಫೋನ್ ಮಾಡ್ಬಿಟ್ನಲ್ಲ, ನಿನ್ ತಮ್ಮಂಗೆ!"

"ಏನಂತ ಮಾಡ್ದೆ?"

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮತ್ತೆ ಫೋನ್ ಮಾಡಿದರೆ ಎತ್ತಿದ್ದು ತಮ್ಮನ ಹೆಂಡತಿ; ಅವನು ಫೋನನ್ನು ಮನೆಯಲ್ಲೇ ಬಿಟ್ಟು ಬೈಕ್ ಹತ್ತಿಯಾಗಿತ್ತು.

ಅವನ ಕಣ್ಣಿಗೆ ಮೊದಲು ನಾನೇ ಬೀಳಲಿ ಎಂದು ಜಗಲಿಯ ಮೇಲೆ ಕೂತೆ. ಅವನು ಬಂದ, ನನ್ನನ್ನು ನೋಡಿದ, ಬೈಕಿನಿಂದ ಇಳಿಯುವುದನ್ನೇ ಮರೆತ. ಕಂಕುಳಲ್ಲಿ ಒಂದು ಕವರಿತ್ತು. ನಾನು ನೋಡಿದ್ದು ತಿಳಿದು ಅದನ್ನು ಬೆನ್ನ ಹಿಂದೆ ಸರಿಸಿದ. ಮುತ್ತೈದೆ ಸತ್ತರೆ ಕೊನೆಯ ಸೀರೆ ತವರಿನಿಂದ ಬರಬೇಕು.

"ಸೀರೆ ತಾನೇನೋ?"

ಅವನಿಗೆ ಅಳು ಒತ್ತರಿಸಿ ಬಂತು. "ಗೌರಿ ಹಬ್ಬಕ್ಕೆ ನಿಂಗೇ ಅಂತ ತರೀಕೆರೇಲಿ ತಂದಿಟ್ಟಿದ್ವಿ ಕಣಕ್ಕಾ. ಅದೇ ಕೈಗೆ ಸಿಕ್ತು."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹಬ್ಬದ ಹಸಿರು ಸೀರೆ. ನನ್ನ ಬೆರಳಿನ ಮಾನ ಉಳಿಸಿಕೊಳ್ಳಲು ಹೋಗಿ, ಅದನ್ನು ಅವನು ಇಷ್ಟು ದಾರಿ ಹೆಣದ ಸೀರೆಯಾಗಿ ಹೊರುವಂತೆ ಮಾಡಿದ್ದೆ.

"ಕೊಡಿಲ್ಲಿ, ಈಗ್ಲೇ ಉಡ್ತೀನಿ" ಎಂದು ಕಿತ್ತುಕೊಂಡು ಒಳಗೆ ಹೋದೆ. ಸುತ್ತಿದ್ದಾಯಿತು. ನೆರಿಗೆ ಹಿಡಿಯಹೋದರೆ ಬೆರಳಿನಿಂದ ಜಾರಿತು. ಮತ್ತೆ ಹಿಡಿದೆ, ಮತ್ತೆ ಜಾರಿತು. ಜಗಲಿಗೆಲ್ಲ ಕೇಳುವಂತೆ ಓರಗಿತ್ತಿಯನ್ನು ಕೂಗಿದೆ.

"ಬಾರೇ ಇಲ್ಲಿ. ನೆರಿಗೆ ಹಿಡಿಯಾಕೆ ಆಗ್ತಿಲ್ಲ. ಮಾತ್ರೆ ತಿಂದು ತಿಂದು ನನ್ ಬೆರಳು ಮಡಚಾಕೇ ಬರಲ್ಲ."

ಅವಳು ಬಂದು ನನ್ನ ಕಾಲ ಬಳಿ ಕೂತು ನೆರಿಗೆ ಜೋಡಿಸತೊಡಗಿದಳು.

"ಯಾವಾಗಿಂದ ಹಿಂಗಕ್ಕಾ?"

"ಅಚ್ಚು ತರಿಸ್ದೆನಲ್ಲ, ಅದಕ್ಕೂ ಮುಂಚೆಯಿಂದ."

ನೆರಿಗೆ ಜೋಡಿಸಿ ಮುಗಿದರೂ ಅವಳು ತಲೆ ಎತ್ತಲಿಲ್ಲ.