ಮಾತು ತೆಗೆದ ಧ್ವನಿ

ನಮ್ಮ ವಿಶ್ವವಿದ್ಯಾಲಯದ ಕಲೆ ಮತ್ತು ವಿನ್ಯಾಸ ವಿಭಾಗದಲ್ಲಿ ತಿಂಗಳಿಗೊಮ್ಮೆ ಅಧ್ಯಾಪಕರೆಲ್ಲ ಕೂತು ತಂತಮ್ಮ ಸಂಶೋಧನೆಯ ಬಗ್ಗೆ ಮಾತಾಡಬೇಕು. ನಾನು ಬಟ್ಟೆ ವಿನ್ಯಾಸ ಕಲಿಸುವವಳು. ಈ ಸಭೆಗಳಲ್ಲಿ ನನಗೆ ನಿದ್ದೆ ಬರುತ್ತದೆ, ಇಲ್ಲವಾದರೆ ಸಿಟ್ಟು ಬರುತ್ತದೆ. ಒಬ್ಬರು ಬುಟ್ಟಿಯ ಹೆಣಿಗೆಯಲ್ಲಿ ಕಾಲವನ್ನು ಕಾಣುತ್ತಾರೆ, ಇನ್ನೊಬ್ಬರು ಹಳೇ ಗೋಡೆಯ ಸುಣ್ಣ ಕೆರೆದು ನೆನಪನ್ನು ಹುಡುಕುತ್ತಾರೆ. ಕೊನೆಗೆ ಸಮೋಸ, ಚಹಾ ಬರುತ್ತದೆ. ಆದರೆ ಆ ಸಲ ಮಾತ್ರ ನಾನು ಬೆಳಗಿನಿಂದಲೇ ಕಾದಿದ್ದೆ. ಅಂದಿನ ಸರದಿ ಧ್ವನಿ ಕಲೆ ಕಲಿಸುವ ಸಹೋದ್ಯೋಗಿಯದು, ಮತ್ತು ಅವರ ಹತ್ತಿರ ನಮ್ಮಣ್ಣನ ಮಾತಿತ್ತು.

ಅಣ್ಣ ತಾಂಡೂರಿನಲ್ಲಿ ಬಂಡೆ ಕೊಯ್ಯುವ ಕಾರ್ಖಾನೆಯಲ್ಲಿ ತಲೆ ಹಣ್ಣಾಗುವ ತನಕ ದುಡಿದ. ಊರವರ ಮನೆಯ ನೆಲಕ್ಕೆಲ್ಲ ಬಂಡೆ ಹೋಯಿತು, ಧೂಳು ಅವನ ಎದೆಗೆ ಬಂತು. ಕಡೆಯ ವರ್ಷ ಮಂಚದಿಂದ ಬಾಗಿಲಿಗೆ ಬರುವುದರೊಳಗೆ ದಮ್ಮು ಹತ್ತುತ್ತಿತ್ತು. ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ. ಏದುಸಿರು ಬಿಡುತ್ತಲೇ ಹೋಗಿಬರುವವರನ್ನೆಲ್ಲ ಕಾಡಿಸುತ್ತಿದ್ದ.

ಅದೇ ವರ್ಷ ಸಹೋದ್ಯೋಗಿ ಕಲ್ಲಿನ ಕೆಲಸದ ಸದ್ದುಗಳ ಮೇಲೆ ಸಂಶೋಧನೆ ಶುರು ಮಾಡಿದ್ದರು. ಮೈಸೂರು ಕಡೆಯವರು, ಒಳ್ಳೆಯ ಮನುಷ್ಯ. ತಾಂಡೂರು ತೋರಿಸಿ ಎಂದು ಕೇಳಿದರು, ಕರೆದುಕೊಂಡು ಹೋದೆ. ಕಾರ್ಖಾನೆಯಲ್ಲಿ ಗರಗಸದ ಸದ್ದು ಹಿಡಿದು, ಊಟಕ್ಕೆಂದು ನಮ್ಮ ಮನೆಗೆ ಬಂದವರು ಅಣ್ಣನ ಮುಂದೆಯೂ ಮೈಕು ಇಟ್ಟರು.

"ಏನ್ರಿ ಸರ, ಇದಕ್ಕೂ ಒಂದ್ ಕಪ್ ಚಹಾ ಮಾಡಾಕ ಹೇಳ್ಲೇನ್ರಿ?" ಅಂದ ಅಣ್ಣ.

ಅಲ್ಲಿಂದ ಹೊತ್ತು ಇಳಿಯುವ ತನಕ ಮಾತೇ ಮಾತು. ಚಿಕ್ಕವನಿದ್ದಾಗ ಬಶೀರಾಬಾದಿನ ಸಂತೆಯಲ್ಲಿ ತಾನು ಕಳೆದುಹೋಗಿ, ಯಾವುದೋ ಬಸ್ಸಿನ ತಲೆಯ ಮೇಲೆ ಕೂತು ಅಳುತ್ತಿದ್ದದ್ದು, ನಾನು ಹಸಿ ತೊಗರಿಕಾಯಿ ಕದ್ದು ತಿಂದು ಹೊಟ್ಟೆ ಹಿಡಿದುಕೊಂಡದ್ದು, ಅತ್ತಿಗೆ, ನಮ್ಮ ಕಡೆಯ ಮಾತಿನಲ್ಲಿ ವೈನಿ, ಮದುವೆಯಾಗಿ ಬಂದ ಹೊಸದರಲ್ಲಿ ಮಾಡಿದ ಸಾರಿಗೆ ಉಪ್ಪೇ ಇಲ್ಲದ್ದು. ವೈನಿ ಒಳಗಿನಿಂದಲೇ "ಹಗರಕ ಹೇಳ್ರಿ, ಓಣಿಗೆಲ್ಲ ಕೇಳಸ್ತದ" ಎಂದು ಗದರಿಸುತ್ತಿದ್ದಳು. ಸಹೋದ್ಯೋಗಿ ಕಿವಿಗೆ ಹೆಡ್‌ಫೋನ್ ಹಾಕಿ, ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಅಣ್ಣನ ಕತೆ ಕೇಳುತ್ತಿದ್ದಾರೆಂದೇ ನಾವೆಲ್ಲ ತಿಳಿದಿದ್ದೆವು.

ದೀಪಾವಳಿಗೆ ಮುಂಚೆ ಅಣ್ಣ ಹೋದ. ಕರ್ಮ ಮುಗಿದು ನಾನು ಹೊರಟು ನಿಂತಾಗ ವೈನಿ ಕೈ ಹಿಡಿದುಕೊಂಡಳು.

"ತಂಗಿ, ಆ ಸರ್ ನಿಮ್ಮಣ್ಣನ ಮುಂದ ಒಂದ್ ಮಶೀನ್ ಇಟ್ಟಿದ್ರಲ್ಲ, ಅದರಾಗ ಅವರ ಮಾತೆಲ್ಲ ಅದಾವ. ಅದೊಂದು ತಂದ್ಕೊಡು. ಮತ್ತೇನೂ ಬ್ಯಾಡ ನನಗ."

ಬೇರೆ ಕಡೆ ಎಲ್ಲೂ ಅವನ ಮಾತು ಉಳಿದಿರಲಿಲ್ಲ. ಅವನದು ಬಟನ್ ಫೋನು. ಜಹೀರಾಬಾದಿಗೆ ಕೊಟ್ಟ ಮಗಳ ಮದುವೆಯ ವಿಡಿಯೊದಲ್ಲಿ ಬಾಯಿ ಆಡಿಸುವುದು ಕಾಣುತ್ತದೆ, ಮೇಲೆ ಸಿನಿಮಾ ಹಾಡು ಸುರಿದುಬಿಟ್ಟಿದ್ದಾರೆ. ಮಗಳು ವಿಡಿಯೊ ತೆಗೆಯಲು ಫೋನ್ ಎತ್ತಿದರೆ ಸಾಕು, ಅಷ್ಟು ಹೊತ್ತು ಹರಟುತ್ತಿದ್ದವನು ಬಾಯಿ ಮುಚ್ಚಿ ನೆಟ್ಟಗೆ ನಿಂತುಬಿಡುತ್ತಿದ್ದ. ತಂದುಕೊಡ್ತೀನಿ ಎಂದು ವೈನಿಗೆ ಮಾತು ಕೊಟ್ಟೆ. ಸಹೋದ್ಯೋಗಿ ರಜೆಯಲ್ಲಿದ್ದರು. ಅಣ್ಣ ತೀರಿಕೊಂಡದ್ದನ್ನು ಅವರಿಗೆ ಫೋನಿನಲ್ಲಿ ಹೇಳಲು ನನಗೆ ಬಾಯಿ ಬರಲಿಲ್ಲ, ರೆಕಾರ್ಡಿಂಗ್ ಬೇಕು ಎಂದಷ್ಟೇ ಅಂದೆ. "ಖಂಡಿತ ಮೇಡಂ, ಸಭೆಯ ದಿನವೇ ಕೊಡ್ತೀನಿ" ಅಂದರು.

ಸಭೆಯಲ್ಲಿ ದೀಪ ಆರಿಸಿದರು. ಮೊದಲು ಗರಗಸದ ಸದ್ದು, ಬಂಡೆಯ ಮೇಲೆ ನೀರು ಬೀಳುವ ಸದ್ದು, ಆಮೇಲೆ ಅಣ್ಣನ ಉಸಿರು. ದೊಡ್ಡ ಸ್ಪೀಕರಿನಲ್ಲಿ ಅವನ ಎದೆ ಗೊರಗೊರ ಅನ್ನುವುದು ಕೋಣೆಯೆಲ್ಲ ತುಂಬಿತು. ಕೆಮ್ಮು, ಉಸಿರು, ಮತ್ತೆ ಕೆಮ್ಮು. ಈಗ ಬಸ್ಸಿನ ಕತೆ ಬಂದೀತು, ಈಗ ತೊಗರಿಕಾಯಿ ಬಂದೀತು ಎಂದು ಕಾಯುತ್ತ ಕೂತೆ. ಏನೂ ಬರಲಿಲ್ಲ. ದೀಪ ಹತ್ತಿತು, ಚಪ್ಪಾಳೆಯಾಯಿತು. ಕಲ್ಲೂ ದೇಹವೂ ಇಲ್ಲಿ ಒಂದೇ ಆಗಿಬಿಟ್ಟಿವೆ ಎಂದರು ವಿಭಾಗದ ಮುಖ್ಯಸ್ಥರು.

"ಮಾತು ಎಲ್ಲಿ?" ಎಂದು ಕೇಳಿದೆ.

ಸಹೋದ್ಯೋಗಿಗೆ ಖುಷಿಯೇ ಆಯಿತು. "ಒಳ್ಳೆ ಪ್ರಶ್ನೆ ಮೇಡಂ. ಮಾತಿದ್ದರೆ ಕೇಳುವವರು ಅರ್ಥದ ಹಿಂದೆ ಹೋಗಿಬಿಡ್ತಾರೆ, ಉಸಿರು ಕಿವಿಗೆ ಬೀಳೋದೇ ಇಲ್ಲ. ಅದಕ್ಕೇ ಒಂದೊಂದು ಪದವನ್ನೂ ಕೂತು ತೆಗೆದೆ. ಅದೇ ಈ ಕೆಲಸದ ಕಷ್ಟ."

"ತೆಗೆದದ್ದು?"

"ಇಟ್ಟುಕೊಂಡಿಲ್ಲ. ಮೂಲವೂ ಇಲ್ಲ, ಮೆಮೊರಿ ಕಾರ್ಡು ವಿಭಾಗದ್ದು, ಅಳಿಸಿ ವಿದ್ಯಾರ್ಥಿಗಳಿಗೆ ಕೊಡಬೇಕಲ್ಲ. ನೀವು ಕೇಳಿದ ರೆಕಾರ್ಡಿಂಗ್ ಇದೇ ಅಂದುಕೊಂಡೆ. ಯಾಕೆ ಮೇಡಂ?"

"ನಮ್ಮಣ್ಣ ಸತ್ತುಹೋದ."

ಒಬ್ಬರು, ಇದು ಬಹಳ ಮುಖ್ಯವಾದ ನೈತಿಕ ಪ್ರಶ್ನೆ, ಮುಂದಿನ ತಿಂಗಳ ಚರ್ಚೆಗೆ ಇದನ್ನೇ ಇಟ್ಟುಕೊಳ್ಳಬಹುದು ಅಂದರು. ಇನ್ನೊಬ್ಬರು ಹೌದು ಹೌದು ಅಂದರು. ನಿಮ್ಮ ಚರ್ಚೆಗಿಷ್ಟು ಮಣ್ಣು ಹಾಕ್ರಿ ಎಂದು ಎದ್ದು ಬಂದೆ. ಸಹೋದ್ಯೋಗಿ ಹಿಂದೆಯೇ ಓಡಿಬಂದರು. ಪಾಪ, ಆ ಕೆಮ್ಮಿನ ಫೈಲನ್ನೇ ನನ್ನ ಫೋನಿಗೆ ಹಾಕಿಕೊಟ್ಟರು.

ಶನಿವಾರ ರೈಲು ಹಿಡಿದು ತಾಂಡೂರಿಗೆ ಹೋದೆ. ದಾರಿಯುದ್ದಕ್ಕೂ ಸುಳ್ಳೊಂದನ್ನು ಹುಡುಕಿದೆ, ಸಿಗಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದೆ. ವೈನಿ ಅಳಲಿಲ್ಲ, ಯಾರನ್ನೂ ಬಯ್ಯಲೂ ಇಲ್ಲ.

"ಇರೂದಷ್ಟೇ ಹಚ್ಚು," ಅಂದಳು.

"ಬರೇ ದಮ್ಮೇ ಅದ ವೈನಿ. ಕೇಳಬ್ಯಾಡ. ವರ್ಷಗಟ್ಟಲೆ ಅದನ್ನೇ ಕೇಳಿದಿ."

"ಹಚ್ಚಂದೆ."

ಹಚ್ಚಿಕೊಟ್ಟೆ. ವೈನಿ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕಿವಿಗೆ ಒತ್ತಿಕೊಂಡಳು. ಗರಗಸ ಮುಗಿದು ಅಣ್ಣನ ಉಸಿರು ಬಂತು. ಉದ್ದಕ್ಕೆ ಎಳೆದುಕೊಂಡ ಒಂದು ಉಸಿರು. ವೈನಿಯ ಮುಖ ಅರಳಿತು, ಸುಮ್ಮನಿರು ಎಂದು ನನಗೆ ಬೆರಳೆತ್ತಿದಳು.

"ಹಾಂ, ಈಗ ಮಾತಾಡ್ತಾರ. ಮಾತಾಡಾಕ ಮೊದಲ ಹಿಂಗೇ ಎಳಕೋತಿದ್ರು."

ಬಂದದ್ದು ಕೆಮ್ಮು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಉಸಿರು, ವೈನಿ ಮತ್ತೆ ಮುಂದಕ್ಕೆ ಬಾಗಿದಳು, ಮತ್ತೆ ಕೆಮ್ಮು. ನನ್ನಿಂದ ನೋಡಲಾಗಲಿಲ್ಲ. "ಸಾಕು ವೈನಿ, ಕೊಡು," ಎಂದು ಕೈ ಚಾಚಿದೆ. ನನ್ನ ಕೈ ತಳ್ಳಿ ಕಡೆಯ ತನಕ ಕೇಳಿದಳು. ಮುಗಿದ ಮೇಲೆ ಸೆರಗಿನಿಂದ ಫೋನು ಒರೆಸಿ ನನ್ನ ತೊಡೆಯ ಮೇಲಿಟ್ಟಳು.

"ಅಷ್ಟು ಸಲ ಬಾಯಿ ತೆಗೆದಾರ ತಂಗಿ," ಅಂದಳು, "ಒಂದ್ ಸಲಾನೂ ಮಾತಾಡಗೊಟ್ಟಿಲ್ಲ ಅವರಿಗಿ."