ಗೇಲಿಯ ನಂಟು

ರಾಜಧಾನಿ ಸುವಾಕ್ಕೆ ಹೊರಡುವ ಹಡಗು ಮೊದಲ ಸಲ ಕೂಗಿದಾಗ ಸಲನಿಯೇತಾ ಕೈ ತೊಳೆಯುತ್ತಿದ್ದಳು. ನಲ್ಲಿ ನಿಲ್ಲಿಸಿ ಕಿವಿಗೊಟ್ಟಳು. ಮತ್ತೆ ತಿರುಗಿಸಿ, ತೊಳೆದ ಕೈಯನ್ನೇ ಇನ್ನೊಮ್ಮೆ ತೊಳೆದಳು.

ನಮ್ಮ ದ್ವೀಪದ ಹಲ್ಲಿನ ಆಸ್ಪತ್ರೆಯಲ್ಲಿ ಡಾಕ್ಟರು ಅವಳೊಬ್ಬಳೇ, ನರ್ಸು ನಾನೊಬ್ಬಳೇ. ಕುರ್ಚಿಯಲ್ಲಿ ಮೆರೆಲಿತಾ ಕೂತಿದ್ದಳು. ಸಂತೆಯಲ್ಲಿ ಮರಗೆಣಸು ಮಾರುವವಳು. ನಾಲಿಗೆಯ ಅಂಚಿನಲ್ಲಿ ಎರಡು ತಿಂಗಳಿಂದ ಒಂದು ಹುಣ್ಣು. ಅದರಿಂದ ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಬೇಕು. ಹಡಗು ತಪ್ಪಿದರೆ ಮುಂದಿನದು ಹತ್ತು ದಿನಕ್ಕೆ.

“ಏ ಮೀನುಕಳ್ಳಿ, ನನ್ನ ನಾಲಿಗೆ ಕೊಯ್ದು ಸಾರು ಮಾಡ್ತೀಯೇನೇ?” ಎಂದಳು ಮೆರೆಲಿತಾ.

ಸಲನಿಯೇತಾ ಹುಟ್ಟಿದ ದ್ವೀಪದವರಿಗೂ ಮೆರೆಲಿತಾಳ ಈ ದ್ವೀಪದವರಿಗೂ ಮೂಲ ದೇವರು ಒಬ್ಬನೇ. ಹಾಗಾಗಿ ನಂಟರಂತೆ ಎದುರಾದಲ್ಲೆಲ್ಲ ತಮಾಷೆಗೆ ಬೈದುಕೊಳ್ಳುವುದು ಅವರ ಹಕ್ಕು. ಬೈಸಿಕೊಂಡವರು ತಿರುಗಿ ಬೈಯಲೇಬೇಕು.

ಸಲನಿಯೇತಾ ಬೈಯಲಿಲ್ಲ. “ತಲೆ ಮುಟ್ಟೋಕೆ ಅಪ್ಪಣೆ ಕೊಡಿ” ಎಂದು ತಗ್ಗಿ, ಹಿರಿಯಳ ತಲೆ ಮುಟ್ಟಿ ದೀಪದ ಕಡೆ ತಿರುಗಿಸಿದಳು.

ಅವಳು ಯಾಕೆ ಬೈಯುವುದಿಲ್ಲವೆಂದು ನನಗೆ ಗೊತ್ತು. ಐದು ವರ್ಷದ ಹಿಂದೆ, ಇವಳು ಬರೀ ಹಲ್ಲು ಕೀಳುತ್ತಿದ್ದ ಕಾಲದಲ್ಲಿ, ಮೆರೆಲಿತಾಳ ಊರಿನವನೇ ಆದ ಅಪಿಸಲೋಮೆ ಬಂದಿದ್ದ. “ನೀನು ಹಲ್ಲು ಕಿತ್ತ ಜಾಗದಲ್ಲಿ ಗೆಡ್ಡೆ ಬಿಟ್ಟಿದೆ, ಅಗೆದು ಮಾರ್ಕೊಳ್ಳೇ” ಅಂದಿದ್ದ. “ನಿಮ್ಮೂರಲ್ಲಿ ಬೆಳೆಯೋದು ಅದೊಂದೇ ತಾನೆ” ಎಂದು ಇವಳು ನಕ್ಕು ಕಳಿಸಿದ್ದಳು. ಬಾಯಿ ತೆರೆಸಿ ನೋಡಲಿಲ್ಲ. ನಾನೂ ನಕ್ಕಿದ್ದೆ. ಮಳೆಗಾಲ ಮುಗಿಯುವುದರೊಳಗೆ ಅವನು ಬಾಯಿಯ ಕ್ಯಾನ್ಸರಿನಿಂದ ತೀರಿಕೊಂಡ. ಶವದ ಮುಂದೆಯೂ ಗೇಲಿ ಮಾಡಿ ದುಃಖದವರನ್ನು ನಗಿಸಬೇಕಾದದ್ದು ಇವಳ ಕಡೆಯವರೇ. ಇವಳು ಚಾಪೆಯ ಅಂಚು ಕೀಳುತ್ತ ಕೂತಿದ್ದಳು. ಮುಂದಿನ ತಿಂಗಳೇ ಬಾಯಿಯ ಶಸ್ತ್ರಚಿಕಿತ್ಸೆ ಕಲಿಯಲು ಸುವಾಕ್ಕೆ ಹೋದಳು. ಹಿಂತಿರುಗಿದ ಮೇಲೆ ಹಲ್ಲುನೋವೆಂದು ಬಂದವರ ಕೆನ್ನೆ, ನಾಲಿಗೆಯಡಿ, ಕತ್ತು, ಎಲ್ಲವನ್ನೂ ಸವರಿ ನೋಡುತ್ತಾಳೆ. ಸಾಲು ಅಂಗಳದವರೆಗೆ ಬೆಳೆದರೂ ಬಿಡುವುದಿಲ್ಲ.

ಮೆರೆಲಿತಾ ಅವಳ ಕೈ ಸರಿಸಿ ಎದ್ದು ನಿಂತಳು. “ಬೈಯ್ಯದೆ ಇರೋಷ್ಟು ಕೆಟ್ಟದಾಗಿದೆಯಾ? ಸತ್ತವಳನ್ನ ನೋಡಿದ ಹಾಗೆ ನೋಡ್ತಿದ್ದೀಯಲ್ಲ. ನಾನು ಹೊರಟೆ.” ಚೀಲ ಹೆಗಲಿಗೇರಿತು.

ಹಡಗು ಎರಡನೇ ಸಲ ಕೂಗಿತು. ಮೂರನೆಯದಕ್ಕೆ ಹಗ್ಗ ಬಿಚ್ಚುತ್ತಾರೆ.

ಸಲನಿಯೇತಾ ಕಿಟಕಿ ನೋಡಿದಳು, ತಟ್ಟೆಯ ಚಾಕು ನೋಡಿದಳು. ಮುಖಗವಸು ಕೆಳಗೆಳೆದಳು.

“ಕೂತ್ಕೊಳ್ಳೇ ಗೆಣಸುಬುರುಡೆ! ನಿಮ್ಮೂರವರ ನಾಲಿಗೆ ಇಲ್ಲಿಂದ ಹಡಗಿನ ಜೆಟ್ಟಿವರೆಗೂ ಇದೆ. ಒಂದು ಅಕ್ಕಿಕಾಳಿನಷ್ಟು ಕೊಟ್ಟರೆ ಏನು ಕಮ್ಮಿ ಆಗುತ್ತೆ?”

ಮೆರೆಲಿತಾ ಹೊಟ್ಟೆ ಹಿಡಿದು ನಕ್ಕಳು. ನಕ್ಕು ಕೂತಳು. ಆಮೇಲೆ ಮೆಲ್ಲಗೆ, “ಹುಣ್ಣು ನೋಯಲ್ಲ ಕಣೇ. ಅದಕ್ಕೇ ಹೆದರಿಕೆ” ಎಂದಳು.

“ನಂಗೂ ಹೆದರಿಕೆನೇ. ನರ್ಸ್ ಕೈ ಹಿಡ್ಕೋ.”

ಮೆರೆಲಿತಾ ನನ್ನ ಕೈ ಹಿಡಿದಳು. ಸೂಜಿ, ಚಾಕು, ಎರಡು ಹೊಲಿಗೆ. ಚೂರು ಸೀಸೆಗೆ ಬಿತ್ತು. ನಾನು ಹೆಸರು ಬರೆದು ಅಂಟಿಸಿದೆ.

“ಅಪಿಸಲೋಮೆಗೆ ಬಂದದ್ದೇನಾ?” ಮರಗಟ್ಟಿದ ನಾಲಿಗೆಯಲ್ಲಿ ಮೆರೆಲಿತಾ ಕೇಳಿದಳು.

“ಗೊತ್ತಿಲ್ಲ. ಸುಳ್ಳು ಹೇಳಲ್ಲ. ಫಲಿತಾಂಶ ಬಂದ ದಿನ ನಾನೇ ನಿನ್ನ ಮನೆಗೆ ಬಂದು ಹೇಳ್ತೀನಿ. ಅದೇ ಆಗಿದ್ರೂ, ಅವನಿಗಿಂತ ತುಂಬ ಬೇಗ ಬಂದಿದ್ದೀಯ.”

“ಡಾಕ್ಟ್ರೇ, ಸೀಸೆ ಕೊಡಿ, ಹೊರಗಿರೋ ಆಳು ಹಡಗಿಗೆ ಓಡಲಿ” ಎಂದೆ. ಅವಳು ಕೊಡಲಿಲ್ಲ. ಅಂಗಿಯ ಜೇಬಿಗೆ ಹಾಕಿ, ಮೇಲೆ ಅಂಗೈ ಒತ್ತಿಕೊಂಡಳು.

“ಬರೋವಾಗ ಬರಿಗೈಲಿ ಬರಬೇಡ ಕಣೇ,” ಮೆರೆಲಿತಾಳ ತುಟಿಯ ಅಂಚಿನಿಂದ ಜೊಲ್ಲು ಇಳಿಯುತ್ತಿತ್ತು. “ದೊಡ್ಡ ಮೀನೇ ತಾ. ಕದ್ದದ್ದಾದ್ರೂ ಸೈ. ಆಮೇಲೆ ನಿಮ್ಮಜ್ಜನಿಗೆ ಹೇಳು, ಅವತ್ತು ನಮ್ಮ ದೋಣೀನ—”

ಸಲನಿಯೇತಾ ಆಗಲೇ ಮೆಟ್ಟಿಲಿಳಿದು, ಕೈಗವಸು ಕಳಚುತ್ತ, ಜೆಟ್ಟಿಯ ಕಡೆ ನಡೆದಿದ್ದಳು.